ಹಾಳೆಯ ಯಾವ ಬದಿ ಒದ್ದೆಯಾಗಿತ್ತು

ಮಂಗಳವಾರ, ಹದಿನಾಲ್ಕನೇ ತಾರೀಕು
ಗ್ರಂಥಾಲಯದ ರಿಪೇರಿ ಕೋಣೆ, ಮಧ್ಯಾಹ್ನ ಒಂದೂಕಾಲು

ಪ್ರೀತಿಯ ಚೋಟು,

ಡಬ್ಬಿ ಊಟ ಮುಗಿಸಿ ಕೂತಿದ್ದೇನೆ. ಎದುರಿಗೆ ಬೆನ್ನು ಕಳಚಿದ ಒಂದು ನಿಘಂಟು ಇದೆ. ಅಂಟು ಆರುವವರೆಗೆ ಅದನ್ನು ಮುಟ್ಟುವ ಹಾಗಿಲ್ಲ. ಆರಲು ಮುಕ್ಕಾಲು ಗಂಟೆ ಬೇಕು. ಅಷ್ಟರಲ್ಲಿ ಈ ಪತ್ರ ಮುಗಿಸಬೇಕು.

ಹತ್ತು ನಿಮಿಷದ ದಾರಿಯಲ್ಲಿರುವವಳು ಪತ್ರ ಯಾಕೆ ಬರೆಯುತ್ತಾಳೆ ಎಂದು ನೀನು ನಗಬಹುದು. ಎದುರಿಗೇ ಹೇಳಲು ನಿನ್ನೆ ರಾತ್ರಿಯಿಂದ ಎರಡು ಸಲ ಬಂದೆ. ಮೊದಲ ಸಲ ನೀನು ಬಾಗಿಲಲ್ಲೇ ಕೈಗೆ ಟೀ ಲೋಟ ಕೊಟ್ಟೆ. ಎರಡನೆಯ ಸಲ "ಏನಕ್ಕ, ಮುಖ ಯಾಕೆ ಹೀಗೆ ಬಾಡಿದೆ, ಆ ಪುಸ್ತಕದ ಧೂಳು ತಿಂದೂ ತಿಂದೂ ನೀನೂ ಹಳೇ ಪುಸ್ತಕ ಆಗೋದೆ" ಎಂದು ಬಾಳೆಹಣ್ಣು ಸುಲಿದು ಬಾಯಿಗೇ ಇಟ್ಟೆ. ನಿನ್ನೆದುರು ತಪ್ಪು ಒಪ್ಪಿಕೊಳ್ಳುವುದು ಕಷ್ಟ. ಪೂರ್ತಿ ಕೇಳುವ ಮೊದಲೇ ಕ್ಷಮಿಸಿಬಿಡುತ್ತೀಯ. ಕಾಗದ ಹಾಗೆ ಮಾಡುವುದಿಲ್ಲ.

ವಿಷಯ ಇಷ್ಟು. ಗಡಿಯಾರದವರ ಮನೆಯ ಗೋಡೆಯ ಬಗ್ಗೆ ನಾನು ನಿನಗೆ ಸುಳ್ಳು ಹೇಳಿದೆ. ನನ್ನ ಮಾತು ನಂಬಿ ನೀವು ಆ ಮನೆ ಬಿಟ್ಟಿರಿ. ಬರುವ ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಒಬ್ಬರು ಅಲ್ಲಿಗೆ ಹೋಗಿ, ಮುಂಗಡ ಕೊಟ್ಟು, ಕರಾರಿಗೆ ಸಹಿ ಹಾಕುವವರಿದ್ದಾರೆ. ಅದು ನಾನು.

ಈ ಸಾಲು ಬರೆದು ಒಂದು ಸಲ ಎದ್ದು ಹೋಗಿ ಕೈ ತೊಳೆದು ಬಂದೆ. ಈಗ ಮೊದಲಿನಿಂದ ಹೇಳುತ್ತೇನೆ.

ಹನ್ನೊಂದು ವರ್ಷದಿಂದ ನಾನು ಕೆಲಸಕ್ಕೆ ಹೋಗುವುದು ಆ ಬೀದಿಯಲ್ಲಿ. ಇನ್ನೊಂದು ದಾರಿ ಹತ್ತಿರವಾಗುತ್ತದೆ, ನಿನಗೂ ಗೊತ್ತು. "ಯಾಕಕ್ಕ ಸುತ್ತಿ ಬಳಸಿ ಹೋಗ್ತೀಯ" ಎಂದು ನೀನು ಎಷ್ಟೋ ಸಲ ಕೇಳಿದ್ದೀಯ. ನಡೆದರೆ ಮಂಡಿಗೆ ಒಳ್ಳೆಯದು ಎಂದಿದ್ದೆ. ಆ ಮನೆಯ ಪಕ್ಕದ ಗೋಡೆಯಲ್ಲಿ ಒಂದು ಅಗಲವಾದ ಕಿಟಕಿ ಇದೆ, ಪೂರ್ವಕ್ಕೆ. ಹೊರಗೆ ಗೋಡೆಗೆ ತಾಗಿದಂತೆ ಗುಲಾಬಿ ಗಿಡಗಳ ಸಾಲು. ಹೂವುಗಳು ಸರಿಯಾಗಿ ಕಿಟಕಿಯ ಕಟ್ಟೆಯ ಮಟ್ಟಕ್ಕೆ ಬರುತ್ತವೆ, ಒಳಗೆ ಕೂತವರ ಮೊಣಕೈ ಪಕ್ಕಕ್ಕೆ. ನಾನು ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುವ ನೆಪದಲ್ಲಿ ಅಲ್ಲಿ ನಿಲ್ಲುತ್ತಿದ್ದೆ. ಕಿಟಕಿಯ ಕೆಳಗೆ ನನ್ನ ಮೇಜು, ಅದರ ಎಡಕ್ಕೆ ನೆಲದಿಂದ ತಲೆಯೆತ್ತರದವರೆಗೆ ಕಪಾಟು ಎಂದು ಮನಸ್ಸಿನಲ್ಲೇ ಜೋಡಿಸಿಟ್ಟಿದ್ದೆ. ಹನ್ನೊಂದು ವರ್ಷ ಒಂದೇ ಜೋಡಣೆ. ಕುರ್ಚಿಯನ್ನು ಮಾತ್ರ ಆಗಾಗ ಬದಲಿಸುತ್ತಿದ್ದೆ.

ಇದನ್ನು ಯಾರಿಗೂ ಹೇಳಿರಲಿಲ್ಲ. ಹೋದ ತಿಂಗಳು ಆ ಬಾಗಿಲಿಗೆ ಮಾರಾಟದ ಬೋರ್ಡ್ ಬಿದ್ದ ಸಂಜೆ ಕೆಲಸ ಮುಗಿಸಿ ನೇರವಾಗಿ ನಿನ್ನ ಮನೆಗೆ ಬಂದೆ. ನೀನು ಬಟ್ಟೆ ಮಡಿಸುತ್ತಿದ್ದೆ. ಬೋರ್ಡ್ ವಿಷಯ ಹೇಳಿದೆ. "ನೀನೇ ತಗೊಳ್ಳಕ್ಕ" ಎಂದು ನಿನ್ನ ಬಾಯಿಂದ ಬರಲಿ ಎಂದು ಕಾದೆ. ನೀನು ಕೈಯಲ್ಲಿದ್ದ ಅಂಗಿ ಬಿಟ್ಟು, "ಅಯ್ಯೋ, ಮೂರು ಕೋಣೆ ಅಲ್ವಾ ಅದು? ಪಾಠ ಮಾಡೋಕೆ ಸ್ಕೂಲಿಗೆ ನಡ್ಕೊಂಡೇ ಹೋಗ್ಬಹುದು ನಾನು! ಇಲ್ಲಿ ಎರಡು ತಿಂಗಳಲ್ಲಿ ಖಾಲಿ ಮಾಡಿ ಅಂತ ಬೇರೆ ಹೇಳಿದಾರೆ" ಎಂದೆ. ನಿಮ್ಮವರು ಅಷ್ಟರಲ್ಲಿ ಬೋರ್ಡಿನ ಮೇಲೆ ನಂಬರ್ ಇತ್ತಾ ಎಂದು ನನ್ನನ್ನು ಕೇಳಿದರು. ಇತ್ತು. ನನಗೆ ಬಾಯಿಪಾಠವಾಗಿತ್ತು. ಹೇಳಿದೆ.

ತಪ್ಪು ನಿನ್ನದಲ್ಲ. ನಾನು ಕೇಳದೇ ಇದ್ದದ್ದನ್ನು ನೀನು ಹೇಗೆ ಕೊಡುತ್ತೀಯ? ಆದರೆ ನನ್ನ ವಿಷಯದಲ್ಲಿ ಇದು ಮೊದಲ ಸಲವಲ್ಲ, ಅದನ್ನೂ ಬರೆದುಬಿಡುತ್ತೇನೆ. ಕನ್ನಡಕದಂಗಡಿಯವರ ಬಗ್ಗೆ ನಿನಗೆ ಮೊದಲು ಹೇಳಿದವಳು ನಾನು. ಕಿವಿಯ ಹಿಂದೆ ಒತ್ತುತ್ತದೆ ಎಂದದ್ದಕ್ಕೆ ನಾಲ್ಕು ಸಲ ಕಡ್ಡಿ ಬಗ್ಗಿಸಿಕೊಟ್ಟರು, ಒಂದು ಸಲವೂ ಮುಖ ಸಿಂಡರಿಸಲಿಲ್ಲ, ಬಹಳ ತಾಳ್ಮೆಯ ಮನುಷ್ಯ ಎಂದಿದ್ದೆ. ಮುಂದಿನ ವಾರ ನೀನು ನಿನ್ನ ಕನ್ನಡಕ ಮಾಡಿಸಲು ಅಲ್ಲಿಗೇ ಹೋದೆ. ಈ ಮಾತು ಇಲ್ಲಿಗೆ ಸಾಕು.

ಬೋರ್ಡ್ ಬಿದ್ದ ಮೇಲಿನ ಭಾನುವಾರ ಎಲ್ಲರೂ ಸೇರಿ ಮನೆ ನೋಡಲು ಹೋದೆವಲ್ಲ. ಅವತ್ತು ನನ್ನ ಕಣ್ಣು ಎಲ್ಲಿತ್ತು ಎಂದು ನಿನಗೆ ಗೊತ್ತಿಲ್ಲ. ನಿನ್ನ ದೊಡ್ಡವಳು ಪೂರ್ವದ ಕಿಟಕಿಗೆ ಓಡಿಹೋಗಿ, "ಅಮ್ಮಾ, ಇದು ನಂದು, ಈ ಕಿಟಕಿ ನಂದು" ಎಂದು ಕಟ್ಟೆಯ ಮೇಲೆ ಹತ್ತಿ ಕೂತಳು. ಹನ್ನೆರಡು ವರ್ಷದ ಮಗುವಿನ ಮೇಲೆ ಹೊಟ್ಟೆಕಿಚ್ಚು ಪಡಬಹುದು ಎಂದು ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ಅವಳು ಇಳಿದ ಮೇಲೆ ನಾನು ಕರವಸ್ತ್ರದಿಂದ ಆ ಕಟ್ಟೆಯನ್ನು ಒರೆಸಿದೆ. ನೀನು ನೋಡಿ, ಧೂಳಾಗಿದೆಯಾ ಎಂದು ಕೇಳಿದೆ. ಹೂಂ ಎಂದೆ. ಧೂಳಿರಲಿಲ್ಲ.

ಆಮೇಲೆ ಮೆಟ್ಟಿಲ ಕೆಳಗಿನ ಕೋಣೆ. ಮೂಲೆಯಲ್ಲಿ ಕಪ್ಪು ಬೂಸ್ಟು, ಬಣ್ಣ ಗುಳ್ಳೆಯೆದ್ದಿತ್ತು, ಗೋಡೆ ಮುಟ್ಟಿದರೆ ಬೆರಳಿಗೆ ನೀರು. ನಿಮ್ಮವರು ಹಿಂದೆ ಸರಿದು, ಹಳೇ ಮನೆ ತಗೊಳ್ಳೋರು ಬೀಳೋದೇ ಈ ಗುಂಡಿಗೆ ಎಂದರು. ಆಗ ನೀನು, "ಅಕ್ಕ ಇದಾಳಲ್ಲ! ಮೂವತ್ತು ವರ್ಷದಿಂದ ಪುಸ್ತಕದ ತೇವದ ಜೊತೆ ಗುದ್ದಾಡ್ತಾ ಇದಾಳೆ, ಅವಳು ಹೇಳ್ಲಿ ಬಿಡಿ" ಎಂದೆ. ನಿಮ್ಮವರು "ಅತ್ತಿಗೆ ನೋಡಿ ಹೂಂ ಅಂದ್ರೆ ಹೂಂ, ಊಹೂಂ ಅಂದ್ರೆ ಊಹೂಂ" ಎಂದರು. ಗಡಿಯಾರದವರು ವಾಚು ರಿಪೇರಿಗೆಂದು ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ ತೆಗೆಯದೆಯೇ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೀ ಕೊಟ್ಟರು.

ಪರೀಕ್ಷೆ ಹೇಗೆ ಮಾಡುತ್ತಾರೆ ಎಂದು ನಿನಗೆ ಅವತ್ತೇ ವಿವರಿಸಿದ್ದೆ. ಮತ್ತೊಮ್ಮೆ ಬರೆಯುತ್ತೇನೆ, ಯಾಕೆಂದರೆ ನಾನು ಮಾಡಿದ ಮೋಸ ಇರುವುದು ಇದರೊಳಗೆ. ಅಡುಗೆಮನೆಯಲ್ಲಿ ಬಳಸುವ ಅಲ್ಯೂಮಿನಿಯಂ ಹಾಳೆಯನ್ನು ಪುಸ್ತಕದಷ್ಟು ಅಗಲಕ್ಕೆ ಕತ್ತರಿಸಿ, ಗೋಡೆಯ ಒದ್ದೆಯನ್ನು ಒರೆಸಿ ಆರಿಸಿ, ನಾಲ್ಕೂ ಅಂಚಿಗೆ ಟೇಪು ಹಾಕಿ ಅಂಟಿಸಬೇಕು. ಎರಡು ದಿನ ಬಿಡಬೇಕು. ಹಾಳೆಯ ಮೇಲೆ, ಅಂದರೆ ಕೋಣೆಯ ಕಡೆಗೆ, ನೀರು ಕೂತಿದ್ದರೆ ಅದು ಗಾಳಿಯ ತೇವ. ಕೋಣೆಗೆ ಉಸಿರಾಡಲು ಬಿಟ್ಟಿಲ್ಲ ಎಂದರ್ಥ. ಕಿಟಕಿ ತೆರೆದರೆ ಹೋಗುತ್ತದೆ. ಹಾಳೆಯ ಹಿಂದೆ, ಗೋಡೆಯ ಕಡೆಗೆ, ನೀರಿದ್ದರೆ ಅದು ಗೋಡೆಯೊಳಗಿನದು. ಎಲ್ಲಿಂದ ಬರುತ್ತಿದೆ ಎಂದು ಹುಡುಕಬೇಕು, ಗಾರೆ ಕೀಳಬೇಕು, ತಿಂಗಳುಗಟ್ಟಲೆ ಕಾಯಬೇಕು.

ಮರುದಿನ ಸೋಮವಾರ ಮೂರು ಹಾಳೆ ಅಂಟಿಸಿದೆ. ಮೆಟ್ಟಿಲ ಕೋಣೆಯಲ್ಲಿ ಒಂದು, ಅಡುಗೆಮನೆಯಲ್ಲಿ ಒಂದು, ನಡುಮನೆಯಲ್ಲಿ ಒಂದು. ಪೂರ್ವದ ಕಿಟಕಿಯ ಗೋಡೆಗೆ ಅಂಟಿಸಲಿಲ್ಲ. ಅದನ್ನು ಪರೀಕ್ಷಿಸಬೇಕು ಎಂದು ನನಗೆ ಹೊಳೆಯಲೇ ಇಲ್ಲ.

ಬುಧವಾರ ಒಬ್ಬಳೇ ಹೋದೆ. ಅಡುಗೆಮನೆಯದೂ ನಡುಮನೆಯದೂ ಎರಡೂ ಬದಿ ಒಣಗಿದ್ದವು. ಮೆಟ್ಟಿಲ ಕೋಣೆಯ ಹಾಳೆಯ ಮೇಲೆ ಹನಿಗಳು ಸಾಲುಗಟ್ಟಿದ್ದವು. ಟೇಪು ಬಿಡಿಸಿ ಹಿಂದೆ ನೋಡಿದೆ. ಗೋಡೆ ಬಿಸ್ಕತ್ತಿನಂತೆ ಒಣಗಿತ್ತು, ಚೋಟು. ಕಾರಣ ಕೂಡ ಎದುರಿಗೇ ಇತ್ತು. ಮೂವತ್ತು ವರ್ಷದಿಂದ ಗಡಿಯಾರದವರು ಆ ಮನೆಯ ಕಿಟಕಿಗಳನ್ನು ತೆರೆದಿಲ್ಲ. ಧೂಳು ಬಂದರೆ ವಾಚಿನೊಳಗೆ ಹೋಗುತ್ತದಂತೆ. ಒಗೆದ ಬಟ್ಟೆಯನ್ನು ಆ ಕೋಣೆಯಲ್ಲೇ ಹಗ್ಗ ಕಟ್ಟಿ ಒಣಗಿಸುತ್ತಾರೆ. ಅವರ ಉಸಿರು, ಅವರ ಅಂಗಿಗಳ ನೀರು, ಅವರ ಕೆಟಲಿನ ಹಬೆ ಎಲ್ಲ ಆ ತಣ್ಣನೆಯ ಮೂಲೆಗೆ ಹೋಗಿ ಕೂತಿತ್ತು. ಮನೆಗೆ ಏನೂ ಆಗಿರಲಿಲ್ಲ.

ನನಗೆ ಸಂತೋಷವಾಗಬೇಕಿತ್ತು. ಹೊಟ್ಟೆ ಉರಿಯಿತು. ಮಾತು ಒರಟಾಗಿದೆ, ಆದರೆ ಸರಿಯಾದ ಮಾತು ಅದೇ. ಈ ಮನೆ ಇವಳಿಗೆ ಸಿಗುತ್ತದೆ, ಅದೂ ಗಟ್ಟಿಮುಟ್ಟಾಗಿ ಸಿಗುತ್ತದೆ, ಕಿಟಕಿ ತೆರೆದರೆ ಸಾಕು, ಇವಳಿಗೆ ಯಾವಾಗಲೂ ಕಿಟಕಿ ತೆರೆದರೆ ಸಾಕು ಎಂದುಕೊಂಡೆ. ಹಾಳೆಯ ಒದ್ದೆ ಆರದಂತೆ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ನಿನ್ನ ಮನೆಗೆ ತಂದೆ. ಗೋಡೆಯಿಂದ ತೆಗೆದ ಮೇಲೆ ಯಾವ ಬದಿ ಯಾವುದು ಎಂದು ಯಾರಿಗೆ ಗೊತ್ತಾಗುತ್ತದೆ? ಒದ್ದೆ ಬದಿ ತೋರಿಸಿ, ಇದು ಗೋಡೆಯ ಕಡೆಯದು ಎಂದೆ.

ಆಮೇಲೆ ನಾನು ಹೇಳಿದ್ದೆಲ್ಲ ನಿನಗೆ ನೆನಪಿರಬಹುದು. ನೀರು ನೆಲದಿಂದ ಏರುತ್ತಿದೆ, ಸೊಂಟದೆತ್ತರದವರೆಗೆ ಗಾರೆ ಕೀಳಬೇಕು, ಕಿತ್ತರೂ ಖಾತ್ರಿಯಿಲ್ಲ ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ನೀನು ಇನ್ನೂ ಅನುಮಾನಿಸುತ್ತಿದ್ದೆ, "ಆಗಲ್ಲ ಅಂತೀಯಾ, ಅಕ್ಕ?" ಎಂದೆ. ಆಗ ನಾನು, ಮಕ್ಕಳ ಎದೆಗೆ ಒಳ್ಳೆಯದಲ್ಲ ಎಂದೆ. ನೀನು ತಿರುಗಿ ನಿನ್ನ ಸಣ್ಣವನನ್ನು ನೋಡಿದೆ. ಹೋದ ವರ್ಷ ಅವನಿಗೆ ಉಬ್ಬಸ ಬಂದಾಗ ಆಸ್ಪತ್ರೆಯಲ್ಲಿ ಅವನ ಪಕ್ಕದಲ್ಲಿ ಕೂತವಳು ನಾನು. ಯಾವ ಮಾತು ನಿನ್ನನ್ನು ತಡೆಯುತ್ತದೆ ಎಂದು ಲೆಕ್ಕ ಹಾಕಿಯೇ ಹೇಳಿದೆ.

ಮರುದಿನ ನೀನು ಗಡಿಯಾರದವರಿಗೆ ಬೇಡವೆಂದು ಹೇಳಿದೆ. ದೊಡ್ಡವಳು ಎರಡು ದಿನ ಮಾತು ಬಿಟ್ಟಳು. ನಿಮ್ಮವರು ನನ್ನನ್ನು ಅಂಗಡಿಗೆ ಕರೆಸಿ, "ನೀವಿಲ್ದಿದ್ರೆ ನಾವು ಮುಳುಗಿ ಹೋಗ್ತಿದ್ವಿ, ಅತ್ತಿಗೆ" ಎಂದು ಹೊಸ ಕನ್ನಡಕ ಮಾಡಿಕೊಟ್ಟರು. ಬೇಡವೆಂದರೂ ಕೇಳಲಿಲ್ಲ. ಕಿವಿಯ ಹಿಂದೆ ಒತ್ತುತ್ತದೆಯೇ ಎಂದು ಕೇಳಿ ಕಡ್ಡಿ ಬಗ್ಗಿಸಿಕೊಟ್ಟರು. ಅದನ್ನೇ ಹಾಕಿಕೊಂಡು ಇದನ್ನು ಬರೆಯುತ್ತಿದ್ದೇನೆ. ನಂಬರ್ ಸರಿಯಾಗಿದೆ.

ಅಲ್ಲಿಂದ ನಾಲ್ಕನೆಯ ದಿನ ನಾನು ಗಡಿಯಾರದವರ ಬಾಗಿಲು ತಟ್ಟಿದೆ. ಅವರು ಬಾಗಿಲು ತೆಗೆದು, "ಏನಮ್ಮ, ನಿಮ್ಮ ತಂಗಿ ತೇವ ಅಂತ ಬಿಟ್ರಲ್ಲ, ನಿಮಗಾಗುತ್ತಾ ತೇವ?" ಎಂದರು. ನಾನು ಒಬ್ಬಳೇ ಅಲ್ಲವೇ ಎಂದೆ. "ಒಬ್ರೇ ಇದ್ರೆ ತೇವ ಕಮ್ಮಿನಾ? ನಾನೂ ಒಬ್ನೇ ಇರೋದು" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಅವರಿಗೆ ಮನೆ ಮಾರಿ ಮಗಳ ಊರಿಗೆ ಹೋಗುವ ಅವಸರ. ಶನಿವಾರ ಎಂದು ಗೊತ್ತುಮಾಡಿದೆವು. ಕೀ ನಿಮ್ಮ ಬಳಿಯೇ ಇರಲಿ ಎಂದರು.

ಆಮೇಲಿನ ದಿನಗಳಲ್ಲಿ ನಾನು ಸುಖವಾಗಿದ್ದೆ. ಅದನ್ನು ಮುಚ್ಚಿಡುವುದಿಲ್ಲ. ಹಾಡಿಕೊಳ್ಳುತ್ತಾ ಪುಸ್ತಕ ಹೊಲಿದೆ. ಪಕ್ಕದ ಮೇಜಿನಾಕೆ ಏನು ವಿಶೇಷ ಎಂದು ಕೇಳಿದಳು. ಮಂಡಿ ನೋವು ಕಡಿಮೆಯಾಗಿದೆ ಎಂದೆ.

ನಿನ್ನೆ ಬೆಳಿಗ್ಗೆ ಕಪಾಟಿನ ಅಳತೆಗೆಂದು ಗಾರೆ ಮೇಸ್ತ್ರಿಯನ್ನು ಕರೆದುಕೊಂಡು ಹೋದೆ. ಅವರು ಮೊದಲು ಮೆಟ್ಟಿಲ ಕೋಣೆಗೆ ಇಣುಕಿ ನೋಡಿ, "ಇದಕ್ಕೇನಾಗಿದೆ? ಕಿಟಕಿ ತೆಗೀರಿ, ಬಟ್ಟೆ ಹೊರಗೆ ಹಾಕಿ, ಬೂಸ್ಟು ಒರೆಸಿ. ಎರಡು ತಿಂಗಳು, ಅಷ್ಟೇ" ಎಂದರು. ಗೊತ್ತು ಎಂದೆ. ಪೂರ್ವದ ಕಿಟಕಿಯ ಗೋಡೆಗೆ ಬಂದು ಬೆರಳ ಗೆಣ್ಣಿನಿಂದ ತಟ್ಟಿದರು. ಮೇಲೆ ಗಟ್ಟಿ ಸದ್ದು. ಕೆಳಗೆ ತಟ್ಟಿದಾಗ ಖಾಲಿ ಡಬ್ಬದ ಸದ್ದು. ಅವರು ಕೂತು, ನೆಲದ ಅಂಚಿನ ಮರದ ಪಟ್ಟಿಯನ್ನು ಉಳಿಯಿಂದ ಮೀಟಿದರು. ಪಟ್ಟಿ ನೆಂದ ರಟ್ಟಿನಂತೆ ಮುರಿದು ಕೈಗೆ ಬಂತು. ಅದರ ಹಿಂದೆ ಗೋಡೆಯ ಮೇಲೆ ಬಿಳೀ ಉಪ್ಪು, ಹಿಟ್ಟು ಚೆಲ್ಲಿದ ಹಾಗೆ.

"ಇಲ್ಲಿ ಕಪಾಟು ಇಟ್ರೆ ಪುಸ್ತಕ ಅಲ್ಲ ಮೇಡಂ, ಅಣಬೆ ಬೆಳೀತೀರ" ಎಂದರು.

ಹೊರಗೆ ಹೋಗಿ ನೋಡಿದೆವು. ಗಡಿಯಾರದವರ ಹೆಂಡತಿ ಬದುಕಿದ್ದಾಗ ಗುಲಾಬಿ ಗಿಡಗಳಿಗೆಂದು ಗೋಡೆಗೆ ಒತ್ತಿ ಮಣ್ಣು ಏರಿಸಿದ್ದರಂತೆ. ಒಳಗಿನ ನೆಲಕ್ಕಿಂತ ಎರಡು ಗೇಣು ಮೇಲಕ್ಕೆ. ಹೂವುಗಳು ಕಿಟಕಿಯ ಕಟ್ಟೆಯ ಮಟ್ಟಕ್ಕೆ ಬರುತ್ತಿದ್ದದ್ದು ಅದಕ್ಕೇ. ದಿನಾ ನೀರು ಹಾಕಿದಂತೆಲ್ಲ ಮಣ್ಣು ಗೋಡೆಗೆ ಕುಡಿಸಿದೆ. ನಾನು ಹನ್ನೊಂದು ವರ್ಷ ನಿಂತು ನೋಡಿದ್ದು ಅದನ್ನೇ.

ಮೇಸ್ತ್ರಿ ಒಳಗೆ ಬಂದು ಮೂಗು ಎಳೆದು, "ವಾಸನೆ ಬರ್ಲಿಲ್ವಾ ನಿಮಗೆ?" ಎಂದು ಕೇಳಿದರು. ಬಂದಿತ್ತು. ಮೊದಲ ಭಾನುವಾರವೇ ಬಂದಿತ್ತು. ಆ ಕಿಟಕಿಯ ಬಳಿ ನಿಂತಾಗ ನಮ್ಮ ಗ್ರಂಥಾಲಯದ ನೆಲಮಾಳಿಗೆಯ ಹಳೆಯ ಪುಸ್ತಕಗಳ ವಾಸನೆಯೇ ಬಂದಿತ್ತು. ಈ ಮನೆ ನನ್ನದೇ ಎನ್ನುವುದಕ್ಕೆ ಇನ್ನೇನು ಬೇಕು ಎಂದು ಒಳಗೊಳಗೇ ಹಿಗ್ಗಿದ್ದೆ. ಪುಸ್ತಕದ ವಾಸನೆ ಎಂದುಕೊಂಡೆ ಎಂದು ಮೇಸ್ತ್ರಿಗೆ ಹೇಳಿದೆ. ಅವರು ಸುತ್ತ ನೋಡಿ, "ಇದು ವಾಚಿನವರ ಮನೆ ಅಲ್ವಾ? ಪುಸ್ತಕ ಎಲ್ಲಿದೆ?" ಎಂದರು.

ಮೂವತ್ತು ವರ್ಷ ಆ ವಾಸನೆಯ ವಿರುದ್ಧ ಕೆಲಸ ಮಾಡಿ ಸಂಬಳ ತೆಗೆದುಕೊಂಡವಳು ನಾನು. ಯಾರಾದರೂ ಹಾಗೆ ವಾಸನೆ ಬರುವ ಪುಸ್ತಕ ತಂದರೆ ಮೊದಲು ಬೇರೆ ಕೋಣೆಯಲ್ಲಿಡಿ ಎನ್ನುತ್ತೇನೆ.

ಈಗ ನೀನು, ಗೋಡೆ ಹಾಳಾಗಿದೆ ಅಂತ ತಾನೆ ಇವಳಿಗೆ ಬುದ್ಧಿ ಬಂದದ್ದು ಎಂದುಕೊಳ್ಳಬಹುದು. ನಾನೂ ನನ್ನನ್ನು ಅದೇ ಕೇಳಿಕೊಂಡೆ. ಅಲ್ಲ. ಆ ಗೋಡೆ ಸರಿಹೋಗುತ್ತದೆ. ಮಣ್ಣು ತೆಗೆಯಲು ಎರಡು ದಿನ ಸಾಕು. ಒಳಗಿನ ಸಿಮೆಂಟ್ ಗಾರೆಯನ್ನು ಮೊಳಕಾಲೆತ್ತರ ಕಿತ್ತು ಒಂದು ವರ್ಷ ಹಾಗೇ ಬಿಡಬೇಕು, ಆಮೇಲೆ ಸುಣ್ಣದ ಗಾರೆ ಹಚ್ಚಬೇಕು. ಒಂದು ವರ್ಷ ಕಾಯುವುದು ನನಗೆ ದೊಡ್ಡದಲ್ಲ. ನಿನ್ನೆ ಮಧ್ಯಾಹ್ನದವರೆಗೂ ಕಾಯುವುದೆಂದೇ ಇದ್ದೆ.

ಸಂಜೆ ನೀನು ಫೋನ್ ಮಾಡಿದೆ. ಊರಾಚೆಯ ಆ ಆರನೇ ಮಹಡಿಯ ಮನೆಗೆ ಸೋಮವಾರ ಮುಂಗಡ ಕೊಡುತ್ತಿದ್ದೇವೆ ಎಂದೆ. ಸ್ಕೂಲಿಗೆ ಎರಡು ಬಸ್ಸು, ಒಂದೂವರೆ ಗಂಟೆ. "ದೂರ ಆದ್ರೇನಂತೆ, ಗೋಡೆ ಒಣಗಿದೆಯಲ್ಲ. ನಿನಗೊಂದು ಮಂಚ ಹಾಕ್ಸಿರ್ತೀನಿ, ಶನಿವಾರ ಬಂದು ಸೋಮವಾರ ಹೋಗು" ಎಂದೆ. ಮನಸ್ಸು ಕರಗಿತು ಎಂದು ತಿಳಿಯಬೇಡ. ಆ ಮಂಚದ ಮೇಲೂ ನನಗೆ ಕೋಪವೇ ಬಂತು. ನಿನ್ನ ಮನೆಯಲ್ಲಿ ನನಗೆ ಯಾವಾಗಲೂ ಒಂದು ಮಂಚ ಇರುತ್ತದೆ.

ಆದರೆ ಫೋನ್ ಇಟ್ಟ ಮೇಲೆ ಒಂದು ವಿಷಯ ಯೋಚಿಸಿದೆ. ನಾನು ಆ ಮನೆಯಲ್ಲಿದ್ದರೆ ನೀನು ಬರುತ್ತೀಯ. ನಿನಗೆ ಬೇಸರವಿರುವುದಿಲ್ಲ, ಅಕ್ಕ ಧೈರ್ಯ ಮಾಡಿ ಕೊಂಡಳು ಎಂದು ಊರಿಗೆಲ್ಲ ಹೇಳುತ್ತೀಯ. ಬಂದವಳು ಮೆಟ್ಟಿಲ ಕೋಣೆಗೆ ಹೋಗಿ ಗೋಡೆ ಮುಟ್ಟಿ ನೋಡುತ್ತೀಯ. ಅದು ಒಣಗಿರುತ್ತದೆ. ಏನು ಮಾಡಿಸಿದೆ ಎಂದು ಕೇಳುತ್ತೀಯ. ನಾನೇನು ಹೇಳಲಿ? ನಾನು ಹೇಳಿದ ಸುಳ್ಳು ನಿಲ್ಲಬೇಕಾದರೆ ಆ ಗೋಡೆ ಒದ್ದೆಯಾಗಿಯೇ ಇರಬೇಕು. ಅದು ಒದ್ದೆಯಾಗಿರಬೇಕಾದರೆ ನಾನೂ ಗಡಿಯಾರದವರ ಹಾಗೆ ಒಂದು ಕಿಟಕಿಯನ್ನೂ ತೆರೆಯದೆ ಅಲ್ಲಿ ಬದುಕಬೇಕು. ಪೂರ್ವದ ಕಿಟಕಿಯನ್ನು ಕೂಡ.

ಆದ್ದರಿಂದ ಹೀಗೆ ತೀರ್ಮಾನಿಸಿದ್ದೇನೆ. ಶನಿವಾರ ನಾನು ಸಹಿ ಹಾಕುವುದಿಲ್ಲ. ಈ ಪತ್ರದ ಜೊತೆ ಕೀ ಇದೆ. ನಿಮಗೆ ಇನ್ನೂ ಬೇಕಿದ್ದರೆ ಹತ್ತು ಗಂಟೆಗೆ ನೀವಿಬ್ಬರೂ ಹೋಗಿ. ಬೇಡವಾದರೆ ಕೀಯನ್ನು ಅವರಿಗೆ ಕೊಟ್ಟು ಬನ್ನಿ. ಎರಡರಲ್ಲಿ ಯಾವುದಾದರೂ ಸರಿ, ನಾನಂತೂ ಆ ಮನೆ ಕೊಳ್ಳುವುದಿಲ್ಲ. ಹೋದರೆ ಪೂರ್ವದ ಗೋಡೆಯನ್ನು ಗಡಿಯಾರದವರಿಗೂ ತೋರಿಸಿ, ಅವರಿಗೂ ಅದು ಗೊತ್ತಿರಲಾರದು. ಮೊದಲು ಹೊರಗಿನ ಮಣ್ಣು ತೆಗೆಸಿ, ಆಮೇಲೆ ಒಳಗಿನ ಗಾರೆ. ಒದ್ದೆ ಗೋಡೆಯ ಮೇಲೆ ಬಣ್ಣ ಹೊಡೆದುಕೊಡುತ್ತೇನೆ ಎನ್ನುವವರನ್ನು ಒಳಗೆ ಸೇರಿಸಬೇಡಿ. ಗುಲಾಬಿಗಳನ್ನು ಎಸೆಯಬೇಡಿ, ಒಂದು ಮಾರು ದೂರದಲ್ಲಿ ನೆಟ್ಟರೆ ಬದುಕುತ್ತವೆ. ಸಣ್ಣವನ ಎದೆಗೆ ಆ ಮನೆಯಿಂದ ಏನೂ ಆಗುವುದಿಲ್ಲ, ಕಿಟಕಿಗಳು ತೆರೆದಿದ್ದರೆ.

ನನ್ನ ಹೊಟ್ಟೆಕಿಚ್ಚು ಇನ್ನೂ ಹೋಗಿಲ್ಲ. ದೊಡ್ಡವಳು ಆ ಕಟ್ಟೆಯ ಮೇಲೆ ಕೂರುವುದನ್ನು ನೋಡಲು ನಾನು ಕೂಡಲೇ ಬರಲಾರೆ. ಸ್ವಲ್ಪ ಸಮಯ ಕೊಡು. ಅಂಟು ಆರಿದೆ.

ನಿನ್ನ,
ಅಕ್ಕ

ಮತ್ತೆ: ಶುಕ್ರವಾರ ಬೆಳಿಗ್ಗೆ. ಇದು ಮೂರು ದಿನದಿಂದ ನನ್ನ ಚೀಲದಲ್ಲೇ ಇದೆ. ನಿನ್ನೆ ಎರಡು ಸಲ ನಿನ್ನ ಬಾಗಿಲ ಮುಂದೆಯೇ ಹಾದು ಹೋದೆ, ಒಂದು ಸಲ ಒಳಗಿನಿಂದ ನಿನ್ನ ನಗು ಕೇಳಿಸಿತು. ನಾಳೆ ಎಂಟು ಗಂಟೆಗೆ ಇದನ್ನು ನಾನೇ ತಂದು ಕೈಗೆ ಕೊಡುತ್ತೇನೆ, ನೀನು ಓದಿ ಮುಗಿಸುವವರೆಗೆ ಬಾಗಿಲಲ್ಲೇ ನಿಂತಿರುತ್ತೇನೆ. ಟೀ ಕೊಡಬೇಡ. ನನ್ನ ಸಹಿಯ ಮೇಲ್ಗಡೆ ಹೊಡೆದುಹಾಕಿದ ಒಂದು ಸಾಲು ಕಾಣುತ್ತದೆಯಲ್ಲ, ಹೊಸ ಕನ್ನಡಕ ತೆಗೆದರೂ ನನಗೆ ಅದು ಓದಲು ಬರುವಂತೆಯೇ ಇದೆ, ನಿನಗೂ ಬರುತ್ತದೆ. "ಹಾಳೆಯ ವಿಷಯ ನಿಮ್ಮವರಿಗೆ ಮಾತ್ರ ಹೇಳಬೇಡ" ಎಂದು ಬರೆದಿದ್ದೆ. ಹೇಳು.